ಡಿ.ಎಲ್.ಎಡ್., ಟ್ಯಾಲಿ, ಮೋಟಾರ್ ವೈಂಡಿಂಗ್: ಮೂರನ್ನೂ ಕಲಿತು ನೋಡಿದ ಮೇಲೆ

ನಮ್ಮ ಚಿಕ್ಕಪ್ಪನ ಮಗಳು ಈ ವರ್ಷ ಪಿಯುಸಿ ಮುಗಿಸಿದಳು. ಡಿಗ್ರಿ ಓದಿಸುವಷ್ಟು ಅನುಕೂಲ ಮನೆಯಲ್ಲಿಲ್ಲ. "ಅಕ್ಕ, ನೀನು ಮೂರೂ ಮಾಡಿದ್ದೀಯಲ್ಲ, ಯಾವುದಕ್ಕೆ ಸೇರಲಿ ಹೇಳು" ಅಂತ ಫೋನ್ ಮಾಡಿದ್ದಳು. ಅರ್ಧ ಗಂಟೆ ಮಾತಾಡಿದರೂ ವಿಷಯ ಮುಗಿಯಲಿಲ್ಲ. ಅವಳ ಹಾಗೇ ಚಳ್ಳಕೆರೆ, ಹಿರಿಯೂರು ಕಡೆಯಿಂದ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಬಂದು, ಬಿ.ಡಿ. ರಸ್ತೆಯಲ್ಲಿ ಕೋರ್ಸುಗಳ ಬೋರ್ಡು ಓದುತ್ತಾ ನಿಲ್ಲುವ ಮಕ್ಕಳು ಬೇಕಾದಷ್ಟಿದ್ದಾರೆ. ಅವರಿಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಸಮಯ, ದುಡ್ಡಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಪ್ರಾಥಮಿಕ ಶಾಲೆ ಟೀಚರ್ ಆಗಲು ಓದುವ ಡಿ.ಎಲ್.ಎಡ್. ಎರಡು ವರ್ಷ. ಕಂಪ್ಯೂಟರಿನಲ್ಲಿ ಅಂಗಡಿ ಲೆಕ್ಕ ಬರೆಯುವ ಟ್ಯಾಲಿ ಮತ್ತು ಜಿಎಸ್‌ಟಿ ಸೇರಿ ನನಗೆ ಹಿಡಿದದ್ದು ಮೂರು ತಿಂಗಳು, ಫೀಸು 6,000 ರೂಪಾಯಿ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಮೋಟಾರ್ ವೈಂಡಿಂಗ್ 30 ದಿನ, ಊಟ ವಸತಿ ಎಲ್ಲ ಸೇರಿ ಒಂದು ರೂಪಾಯಿಯೂ ಖರ್ಚಿಲ್ಲ. ಇಷ್ಟನ್ನೇ ನೋಡಿದರೆ ಮೂರನೆಯದಕ್ಕೆ ಸೇರು ಅನ್ನಬೇಕು. ಆದರೆ ನಾನು ನೋಡುವುದೇ ಬೇರೆ. ಕಲಿಯುವಾಗ ನಾನು ಮಾಡಿದ ತಪ್ಪು ಎಷ್ಟು ಬೇಗ ಗೊತ್ತಾಯಿತು, ಅದನ್ನು ತಿದ್ದಲು ಪಕ್ಕದಲ್ಲಿ ಯಾರಿದ್ದರು, ಇವೆರಡು ನನಗೆ ಮುಖ್ಯ.

ಡಿ.ಎಲ್.ಎಡ್.ಗೆ ಸೇರಿದ್ದು 2016ರಲ್ಲಿ. ನಮ್ಮೂರಲ್ಲಿ ಈಗಲೂ ಅದಕ್ಕೆ ಟಿಸಿಎಚ್ ಅಂತಲೇ ಹೇಳುತ್ತಾರೆ. ಪಿಯುಸಿಯಲ್ಲಿ ಶೇ. 50 ಅಂಕ ಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 45. ಮೊದಲ ಕೆಲವು ತಿಂಗಳು ಸುಮ್ನೆ ನೋಟ್ಸ್ ಬರೆದದ್ದೇ ಬಂತು, ಬೇಜಾರಾಗಿತ್ತು. ಶಾಲೆಗೆ ಕಳಿಸಿದ ಮೇಲೆ ಕೋರ್ಸಿನ ರುಚಿ ಗೊತ್ತಾಯಿತು.

ಮೂರನೇ ತರಗತಿಗೆ ನನ್ನದು ಕೂಡುವ ಲೆಕ್ಕ. ಪಾಠ ಯೋಜನೆ ಚೆನ್ನಾಗಿ ಬರೆದಿದ್ದೆ, ಬೋರ್ಡಿನ ಮೇಲೆ ಚೆಂದ ಬಿಡಿಸಿದ್ದೆ. 27ಕ್ಕೆ 15 ಕೂಡಿಸಿ ಅಂದೆ. ಸುಮಾರು ಅರ್ಧ ತರಗತಿ 312 ಅಂತ ಬರೆಯಿತು. ಏಳು ಐದು ಹನ್ನೆರಡು, ಎರಡು ಒಂದು ಮೂರು, ಎರಡನ್ನೂ ಪಕ್ಕಪಕ್ಕ ಬರೆದಿದ್ದರು. ನನಗೆ ಕೋಪ ಬಂತು, ಇನ್ನೊಮ್ಮೆ ಜೋರಾಗಿ ಹೇಳಿದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೇಡಂ ಎದ್ದು ಬಂದರು. ಚೀಲದಿಂದ ಕಡ್ಡಿ ತೆಗೆದು ಹತ್ತತ್ತರ ಕಟ್ಟು ಮಾಡಿಸಿದರು. ಬಿಡಿ ಕಡ್ಡಿ ಹತ್ತಾದ ಕೂಡಲೇ ರಬ್ಬರ್ ಹಾಕಿ ಕಟ್ಟಿನ ಜೊತೆ ಇಡಿ ಅಂದರು. ಹತ್ತು ನಿಮಿಷದಲ್ಲಿ ಮಕ್ಕಳು 42 ಅಂದರು. ಹೊರಗೆ ಬಂದ ಮೇಲೆ ನನಗೆ ಹೇಳಿದ್ದು ಇಷ್ಟೇ: "ಮಕ್ಕಳಿಗೆ ಕಡ್ಡಿ ಕೊಡದೆ ನೀನು ನೇರ ಬೋರ್ಡಿಗೆ ಹೋದೆ." ತಪ್ಪು ಮಾಡಿ ಅರ್ಧ ಗಂಟೆಯೂ ಆಗಿರಲಿಲ್ಲ.

ಇನ್ನೊಂದು ಕಲಿತದ್ದು ನಲಿಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂದ ಪದ್ಧತಿ. ಒಂದೇ ಕೋಣೆ, ಆದರೆ ಪ್ರತಿ ಮಗುವೂ ಕಲಿಕಾ ಏಣಿಯ ಬೇರೆ ಬೇರೆ ಮೆಟ್ಟಿಲಲ್ಲಿ ಇರುತ್ತದೆ. ಯಾರು ಎಲ್ಲಿದ್ದಾರೆ ಅಂತ ಟೀಚರಿಗೆ ಗೊತ್ತಿರಲೇಬೇಕು. ಈಗ ನನ್ನ ವೈಂಡಿಂಗ್ ಅಂಗಡಿಗೆ ಬರುವ ಪ್ರತಿ ಮೋಟಾರಿಗೂ ನಾನು ಒಂದು ಕಾರ್ಡು ಕಟ್ಟುತ್ತೇನೆ. ಬಿಚ್ಚಿದ್ದೇ, ಕಾಯಿಲ್ ಹಾಕಿದ್ದೇ, ವಾರ್ನಿಷ್ ಆಯಿತೇ, ಎಲ್ಲ ಅದರಲ್ಲಿ ಇರುತ್ತದೆ. ಆ ಅಭ್ಯಾಸ ಬಂದದ್ದು ನಲಿಕಲಿ ಕೋಣೆಯಿಂದ.

ಹಾಗಾದರೆ ಟೀಚರ್ ಆಗಿ ಯಾಕೆ ಉಳಿಯಲಿಲ್ಲ? ದುಡ್ಡು. ಒಂದು ಖಾಸಗಿ ಶಾಲೆಯಲ್ಲಿ ತಿಂಗಳಿಗೆ 7,000 ರೂಪಾಯಿಗೆ ಕೆಲಸ ಮಾಡಿದೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು. ಜೂನ್‌ನಿಂದ ಸಂಬಳವೂ ನಿಂತಿತು. ಸರ್ಕಾರಿ ಕೆಲಸಕ್ಕೆ ಟಿಇಟಿ ಅನ್ನುವ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಬೇಕು. 150 ಪ್ರಶ್ನೆ, ಸಾಮಾನ್ಯ ವರ್ಗಕ್ಕೆ 90 ಅಂಕ. ಮೊದಲ ಸಲ ನನಗೆ 84 ಬಂತು, ಎರಡನೇ ಸಲ ಪಾಸಾದೆ. ಮೊದಲು ಆ ಸರ್ಟಿಫಿಕೇಟಿಗೆ ಏಳು ವರ್ಷದ ಮಿತಿ ಇತ್ತು, 2021ರಲ್ಲಿ ಅದನ್ನು ತೆಗೆದು ಜೀವನಪೂರ್ತಿ ಮಾಡಿದರು. ಆದರೆ ಅದಾದ ಮೇಲೂ ನೇಮಕಾತಿ ಕರೆಯಬೇಕು, ಅದಕ್ಕೆ ಸಿಇಟಿ ಅಂತ ಮತ್ತೊಂದು ಪರೀಕ್ಷೆ ಬರೆಯಬೇಕು. ಕಾಯುವ ಶಕ್ತಿ ಇದ್ದವರಿಗೆ ಈ ದಾರಿ ಚೆನ್ನಾಗಿದೆ. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಒಂದರಿಂದ ಐದನೇ ತರಗತಿಗೆ ಪಾಠ ಮಾಡಲು ಬಿ.ಎಡ್. ಅರ್ಹತೆ ಅಲ್ಲ ಅಂತ ಹೇಳಿತು. ಹಾಗಾಗಿ ಡಿ.ಎಲ್.ಎಡ್.ಗೆ ಈಗ ಬೆಲೆ ಜಾಸ್ತಿ.

ಒಂದು ಮಾತು ಸೇರಿಸಲೇಬೇಕು. ಮೂರು ತಿಂಗಳು, ಆರು ತಿಂಗಳ ಎನ್‌ಟಿಟಿ (ನರ್ಸರಿ ಟೀಚರ್ ತರಬೇತಿ) ಕೋರ್ಸು ಮಾಡಿಸಿ ಟೀಚರ್ ಮಾಡುತ್ತೇವೆ ಅನ್ನುವವರು ಇದ್ದಾರೆ. ಶಿಶುವಿಹಾರದ ಟೀಚರಿಗೆ, ಶಿಕ್ಷಕರ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಸಿಟಿಇ ನಿಯಮದಲ್ಲಿ ಇರುವುದು ಎರಡು ವರ್ಷದ ಡಿಪಿಎಸ್‌ಇ ಡಿಪ್ಲೊಮಾ. ಕಟ್ಟುವ ಮುಂಚೆ ಮಾನ್ಯತೆ ಕಾಗದ ತೋರಿಸಿ ಅನ್ನಿ. ಕೇಳಲು ಸಂಕೋಚ ಬೇಡ.

ಟ್ಯಾಲಿಗೆ ಸೇರಿದ್ದು 2021ರಲ್ಲಿ. ಇದರ ಬಗ್ಗೆ ನನಗೆ ಸಮಾಧಾನವಿಲ್ಲ. ಒಂದು ಕಂಪ್ಯೂಟರಿಗೆ ಇಬ್ಬರು. ಎಫ್5 ಪಾವತಿ, ಎಫ್6 ಜಮಾ, ಎಫ್8 ಮಾರಾಟ, ಎಫ್9 ಖರೀದಿ, ಇವೆಲ್ಲ ಬೆರಳಿಗೆ ಬಂದವು. ಆದರೆ ತುಂಬಿಸಿದ್ದೆಲ್ಲ ಅವರೇ ಕೊಟ್ಟ ಬಿಲ್ಲುಗಳು, ಉತ್ತರ ಮೊದಲೇ ಗೊತ್ತು. ತಪ್ಪಾದರೆ ಅಳಿಸಿ ಮತ್ತೆ ಹಾಕು ಅನ್ನುತ್ತಿದ್ದರು, ಯಾಕೆ ತಪ್ಪು ಅಂತ ಯಾರೂ ಹೇಳುತ್ತಿರಲಿಲ್ಲ.

ಆಮೇಲೆ ಒಂದು ಪಂಪ್‌ಸೆಟ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ರಾಯದುರ್ಗದ ಒಬ್ಬ ವ್ಯಾಪಾರಿಗೆ ನಾಲ್ಕು ಪಂಪು ಹೋದವು. ನಾನು ಲೆಡ್ಜರ್ ತೆರೆಯುವಾಗ ರಾಜ್ಯದ ಜಾಗದಲ್ಲಿ ಕರ್ನಾಟಕ ಅಂತಲೇ ಉಳಿದಿತ್ತು. ಟ್ಯಾಲಿ ರಾಜ್ಯದೊಳಗಿನ ಮಾರಾಟಕ್ಕೆ ಹಾಕುವ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕಿತು. ರಾಯದುರ್ಗ ಇರುವುದು ಆಂಧ್ರದಲ್ಲಿ, ಹೊರರಾಜ್ಯದ ಮಾರಾಟಕ್ಕೆ ಹಾಕುವ ಐಜಿಎಸ್‌ಟಿ ಬೀಳಬೇಕಿತ್ತು. ತಿಂಗಳ ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿಆರ್-1 ರಿಟರ್ನ್ ಅನ್ನು ಮುಂದಿನ ತಿಂಗಳ 11ರೊಳಗೆ ಹಾಕಬೇಕು. ಹಿಂದಿನ ದಿನ ಆಡಿಟರ್ ಆಫೀಸಿನಿಂದ ಫೋನ್ ಬಂತು. "ಅಮ್ಮಾ, ಈ ಪಾರ್ಟಿ ನಂಬರು 37ರಿಂದ ಶುರುವಾಗುತ್ತೆ, ನಮ್ಮದು 29 ಅಲ್ವಾ?" ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕೆ ರಾಜ್ಯದ್ದು ಅಂತ ನನಗೆ ಅವತ್ತು ಗೊತ್ತಾಯಿತು. ಮೂರು ತಿಂಗಳ ಕ್ಲಾಸಿನಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲ. ತಪ್ಪಾಗಿ ಮೂರು ವಾರ ಕಳೆದಿತ್ತು. ಅವರು ನೋಡದೆ ಬಿಟ್ಟಿದ್ದರೆ ಅಂಗಡಿಗೆ ನೋಟಿಸು ಬಂದು ನನ್ನ ಕೆಲಸಕ್ಕೇ ಕುತ್ತಾಗುತ್ತಿತ್ತು.

2022ರ ಜುಲೈ 18ಕ್ಕೆ ನೀರಿನ ಪಂಪುಗಳ ತೆರಿಗೆ ಶೇ. 12ರಿಂದ 18ಕ್ಕೆ ಏರಿತು. ಹಿಂದಿನ ರಾತ್ರಿ ಕೂತು ಸ್ಟಾಕ್ ಐಟಂಗಳನ್ನು ಒಂದೊಂದಾಗಿ ಬದಲಾಯಿಸಿದೆ. ಆ ಆಡಿಟರ್ ಆಫೀಸಿನ ಹುಡುಗ ಫೋನಿನಲ್ಲೇ ಹೇಳಿಕೊಟ್ಟ. ಈ ಕೆಲಸದಲ್ಲಿ ನನಗೆ ನಿಜವಾಗಿ ಬಂದದ್ದೆಲ್ಲ ಆ ಆಫೀಸಿನಿಂದ ಬಂದದ್ದು. ಅದಕ್ಕೇ ಹೇಳುತ್ತೇನೆ, ಟ್ಯಾಲಿ ಮಾಡುವವರು ಒಂದು ತಿಂಗಳಲ್ಲಿ ಬೆರಳು ಪಳಗಿಸಿಕೊಳ್ಳಿ. ಉಳಿದ ಎರಡು ತಿಂಗಳು ಕಡಿಮೆ ಸಂಬಳವಾದರೂ ಪರವಾಗಿಲ್ಲ, ಆಡಿಟರ್ ಆಫೀಸಿನಲ್ಲಿ ಕೂರಿ. ಅಲ್ಲಿ ಬರುವುದು ನಿಜವಾದ ಬಿಲ್ಲು.

ಆ ಅಂಗಡಿಗೇ ಸುಟ್ಟ ಮೋಟಾರುಗಳು ಬರುತ್ತಿದ್ದವು. ಬೇಸಿಗೆಯಲ್ಲಂತೂ ದಿನಾ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬರುತ್ತಿದ್ದರು. ವೈಂಡಿಂಗ್ ಮಾಡುವವರು ಸಿಗದೆ ರೈತರು ವಾರಗಟ್ಟಲೆ ಅಲೆಯುತ್ತಿದ್ದರು. ತೋಟಕ್ಕೆ ನೀರಿಲ್ಲದೆ ಒಬ್ಬ ಅಜ್ಜ ಅಂಗಡಿ ಕಟ್ಟೆಯ ಮೇಲೇ ಮಲಗಿದ್ದನ್ನು ನೋಡಿದ್ದೇನೆ. ಅದನ್ನು ನೋಡಿಯೇ 2023ರಲ್ಲಿ ಸ್ವಂತ ಉದ್ಯೋಗಕ್ಕೆ ಉಚಿತ ತರಬೇತಿ ಕೊಡುವ ದುರ್ಗದ ರುಡ್‌ಸೆಟ್ ಸಂಸ್ಥೆಯಲ್ಲಿ ಅರ್ಜಿ ಹಾಕಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದವರು ಮತ್ತು ಎರಡು ಬ್ಯಾಂಕುಗಳು ಸೇರಿ ಶುರು ಮಾಡಿದ್ದು. ನಮ್ಮ ಬ್ಯಾಚಿನಲ್ಲಿ ಹೆಂಗಸರು ಇಬ್ಬರೇ.

ಅಲ್ಲೇ ಉಳಿಯಬೇಕು. ಬೆಳಗ್ಗೆ ಎದ್ದು ನಿನ್ನೆ ಏನು ಕಲಿತೆ ಅಂತ ಎಲ್ಲರ ಮುಂದೆ ಹೇಳಬೇಕು. ಆಮೇಲೆ ಸಂಜೆವರೆಗೆ ಕೈಕೆಲಸ. ಸುಟ್ಟ ಕಾಯಿಲ್ ಕತ್ತರಿಸಿ ತೆಗೆಯುವ ಮುಂಚೆ ಕಾಯಿಲ್ ಕೂರುವ ಸ್ಲಾಟ್ ಎಷ್ಟು, ತಂತಿಯ ಗೇಜ್ ಎಷ್ಟು, ತಿರುವು ಎಷ್ಟು, ಕನೆಕ್ಷನ್ ಹೇಗೆ ಅಂತ ಬರೆದಿಡಬೇಕು. ಬರೆಯದೆ ಕಿತ್ತರೆ ಮೋಟಾರು ಹೋಯಿತು ಅಂತಲೇ ಲೆಕ್ಕ.

ಎರಡನೇ ವಾರ 36 ಸ್ಲಾಟಿನ ತ್ರೀ ಫೇಸ್ ಮೋಟಾರು ಕಟ್ಟಿದೆ. ಸ್ವಿಚ್ ಹಾಕಿದ ಕೂಡಲೇ ಗುರ್ ಅಂತ ಗುರುಗುಟ್ಟಿತು, ತಿರುಗಲಿಲ್ಲ. ಗುರುಗಳು ತಕ್ಷಣ ಆಫ್ ಮಾಡಿದರು. ಬೈಯಲಿಲ್ಲ. ಒಂದು ಫೇಸಿಗೆ ಬ್ಯಾಟರಿ ಕೊಟ್ಟು, ಒಳಗೆ ದಿಕ್ಸೂಚಿ ಹಿಡಿದು ಸುತ್ತಿಸು ಅಂದರು. ಕಾಯಿಲ್‌ಗಳ ಒಂದು ಗುಂಪು ದಾಟಿ ಇನ್ನೊಂದಕ್ಕೆ ಬಂದಾಗ ಮುಳ್ಳು ತಿರುಗಬೇಕು. ಒಂದು ಕಡೆ ತಿರುಗಲಿಲ್ಲ. ಆ ಗುಂಪಿನ ತುದಿಗಳನ್ನು ನಾನು ಅದಲುಬದಲು ಮಾಡಿದ್ದೆ. ಬೆಸುಗೆ ಬಿಚ್ಚಿ ಸರಿ ಮಾಡಿದೆ. ಮತ್ತೆ ಸ್ವಿಚ್ ಹಾಕಿದಾಗ ಅದು ಹಾಯಾಗಿ ತಿರುಗಿತು. ಅವತ್ತು ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮಾತ್ರ ಬೇರೆಯೇ ವಿದ್ಯೆ. ಉದ್ದನೆಯ ಕೊಳವೆ, ಪ್ಲಾಸ್ಟಿಕ್ ಸುತ್ತಿದ ತಂತಿ. ಒಂದೊಂದು ಎಳೆಯನ್ನೂ ಸ್ಲಾಟಿನ ತೂತಿನೊಳಗೆ ತೂರಿಸಿ ಎಳೆಯಬೇಕು. ಅದಕ್ಕೆ ಒಬ್ಬ ಹಳೆಯ ವೈಂಡರ್ ಹತ್ತಿರ ನಾಲ್ಕು ತಿಂಗಳು ಹೋದೆ. ಆಮೇಲೆ 50,000 ರೂಪಾಯಿ ಮುದ್ರಾ ಶಿಶು ಸಾಲ ತೆಗೆದು ತುರುವನೂರು ರಸ್ತೆಯಲ್ಲಿ ಅಂಗಡಿ ಹಾಕಿದೆ. ಈಗ ಟೀಚರ್ ಆಗಿದ್ದಾಗಿನ ಸಂಬಳಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ಆದರೆ ಫೆಬ್ರವರಿಯಿಂದ ಮೇ ತನಕ ಊಟಕ್ಕೂ ಪುರುಸೊತ್ತಿಲ್ಲ, ಮಳೆ ಹಿಡಿದರೆ ಕೈ ಖಾಲಿ. ಭಾರ ಎತ್ತಿ ಬೆನ್ನು ನೋವು, ವಾರ್ನಿಷ್ ಗಾಳಿಗೆ ಕೆಮ್ಮು. ಈ ಕಷ್ಟವನ್ನು ಮುಚ್ಚಿಡಲ್ಲ.

ಐಟಿಐ ನಾನು ಮಾಡಿಲ್ಲ, ತಮ್ಮ ಎಲೆಕ್ಟ್ರಿಷಿಯನ್ ಮಾಡಿದ್ದಾನೆ. ಎರಡು ವರ್ಷ. ರೈಲ್ವೆಯವರು ಅಪ್ರೆಂಟಿಸ್ ಕರೆದಾಗ ಕೇಳುವುದು ಐಟಿಐ ಸರ್ಟಿಫಿಕೇಟ್. 30 ದಿನದ ಕಾಗದ ಅಲ್ಲಿ ನಡೆಯಲ್ಲ. ಕೆಲಸಕ್ಕೆ ಸೇರುವ ಆಸೆ ಇದ್ದರೆ ಐಟಿಐ, ಸ್ವಂತ ಅಂಗಡಿಯ ಆಸೆ ಇದ್ದರೆ ರುಡ್‌ಸೆಟ್ ಅಂತ ಇಬ್ಬರೂ ಒಪ್ಪಿದ್ದೇವೆ.

ಚಿಕ್ಕಪ್ಪನ ಮಗಳಿಗೆ ಮಕ್ಕಳೆಂದರೆ ಪ್ರಾಣ. ಹಾಗಾಗಿ ಡಿ.ಎಲ್.ಎಡ್. ಮಾಡು, ಎರಡು ವರ್ಷದ ಖರ್ಚಿಗೆ ರಜೆಯಲ್ಲಿ ನನ್ನ ಹತ್ತಿರ ಕೆಲಸ ಮಾಡು ಅಂದೆ. ಅರ್ಜಿ ಕರೆಯುವ ತನಕ ಅಂಗಡಿಗೆ ಬರುತ್ತಿದ್ದಾಳೆ. ನಿನ್ನೆ ಒಂದು ಸೀಲಿಂಗ್ ಫ್ಯಾನ್ ಬಿಚ್ಚಿದಳು. ಕತ್ತರಿ ಹಾಕುವ ಮುಂಚೆ ಕಾಯಿಲ್ ಎಣಿಸಿ, ಕಾರ್ಡಿನಲ್ಲಿ ಬರೆದು, "ಅಕ್ಕ, ಒಂದ್ಸಲ ನೋಡು" ಅಂದಳು. ಎರಡು ಕಡೆ ತಪ್ಪಿತ್ತು. ಕೂತು ಮತ್ತೆ ಎಣಿಸಿದೆವು.