ನಾಟಿ ನೆಕ್ಕರೆ ಅಂತ ಕೊಟ್ಟರು, ಬಂದದ್ದು ಬ್ರೆಜಿಲಿನ ಗಿಡ

ನರ್ಸರಿಯ ಬೋರ್ಡಿನಲ್ಲಿ ಮೂರು ಮಾತು ಬರೆದಿತ್ತು: ನೆಕ್ಕರೆ, ನಾಟಿ ಜಾತಿ, ಚಳಿಗೆ ಗಟ್ಟಿ. ಮೂರರಲ್ಲಿ ಕೊನೆಯದು ಮಾತ್ರ ನಿಜ. ನೆಕ್ಕರೆ ಎಂದರೆ ನಮ್ಮ ಕಡೆ ದಾರಿ ಬದಿಯಲ್ಲಿ ತಾನಾಗಿ ಬೆಳೆಯುವ, ತಿಳಿ ನೇರಳೆ ಹೂವಿನ ಕಾಡುಪೊದೆ. ಮಡಿಕೇರಿಯಿಂದ ಕುಶಾಲನಗರಕ್ಕೆ ಹೋಗುವ ರಸ್ತೆ ಬದಿಯ ಈ ನರ್ಸರಿಯ ಹೆಸರು ಬರೆಯುವುದಿಲ್ಲ. ಅಲ್ಲಿಗೆ ನಾನು ಈಗಲೂ ಹೋಗುತ್ತೇನೆ, ಮುಂದೆಯೂ ಹೋಗಬೇಕು.

ನಮ್ಮ ಮನೆ ಗಾಳಿಬೀಡಿನ ಹತ್ತಿರ. ಹೆಸರಿಗೆ ತಕ್ಕ ಊರು, ಗಾಳಿಗೆ ಬಿಡುವೇ ಇಲ್ಲ. 2018ರ ಆಗಸ್ಟಿನಲ್ಲಿ ಮನೆ ಹಿಂದಿನ ಬರೆ (ಗುಡ್ಡದ ಕಡಿದಾದ ಮಣ್ಣಿನ ಇಳಿಜಾರು) ಜಾರಿದಾಗ ಅಲ್ಲಿದ್ದ ಹಳೇ ನೆಕ್ಕರೆ ಪೊದೆಯೂ ಮಣ್ಣಿನಡಿ ಹೋಯಿತು. ಜೆಸಿಬಿ ತರಿಸಿ ಮಣ್ಣು ತೆಗೆಸಿದೆವು, ತಡೆಗೋಡೆ ಕಟ್ಟಿದೆವು. ಜಾಗ ಮಾತ್ರ ಬೋಳು ಬೋಳು. ದಾರಿ ಬದಿಯಿಂದ ಎರಡು ಸಲ ನೆಕ್ಕರೆ ಕಿತ್ತು ತಂದು ನೆಟ್ಟೆ. ಬೇರು ಕಡಿದಿತ್ತೋ ಏನೋ, ಎರಡೂ ಒಣಗಿದವು. ಹಾಗಾಗಿ 2023ರ ಮೇ ತಿಂಗಳಲ್ಲಿ ಆ ಬೋರ್ಡು ಕಂಡದ್ದೇ ಜೀಪು ನಿಲ್ಲಿಸಿದೆ. ಗಿಡ ಒಂದಕ್ಕೆ 220 ರೂಪಾಯಿ. ಮೂರು ತಂದೆ.

ಗಿಡ ಬೆಳೆಸುವುದರಲ್ಲಿ ಅವರನ್ನು ದೂರುವಂತಿಲ್ಲ. ಎಷ್ಟೋ ಕಡೆ ಬರೀ ಕೊಕೊಪಿಟ್ (ತೆಂಗಿನ ನಾರಿನ ಪುಡಿ) ತುಂಬಿ ಕೊಡುತ್ತಾರೆ, ನಮ್ಮ ಮಳೆಗೆ ಅದು ನೀರು ಕುಡಿದು ಬೇರು ಕೊಳೆಯುತ್ತದೆ. ಇಲ್ಲಿ ಕಾಡುಮಣ್ಣು, ಮರಳು, ಹಟ್ಟಿಗೊಬ್ಬರ. ಬ್ಯಾಗು ಹರಿದು ನೋಡಿದರೆ ಬೇರು ಒಳಗೊಳಗೇ ಸುತ್ತಿಕೊಂಡಿರಲಿಲ್ಲ. ಜೀಪಿನಲ್ಲಿ ಅಲುಗಾಡದ ಹಾಗೆ ನಡುನಡುವೆ ಗೋಣಿಚೀಲ ತುರುಕಿ ಕೊಟ್ಟರು. ಹೊರಡುವಾಗ ಮಾಲೀಕರು, “ಗುಂಡಿಗೆ ಒಂದೊಂದು ಹಿಡಿ ಸುಣ್ಣ ಹಾಕಿ ಮೇಡಂ” ಎಂದರು. ಕಾಫಿ ಗಿಡಕ್ಕೆ ಹಾಕಿ ಹಾಕಿ ಎಲ್ಲರಿಗೂ ಅಭ್ಯಾಸವಾಗಿಬಿಟ್ಟಿದೆ. ನಾನೂ ಹಾಕಿದೆ.

ಅಕ್ಟೋಬರಿನಲ್ಲಿ ಹೂವಾಯಿತು. ಅಂಗೈಯಗಲದ ಕಡು ನೇರಳೆ ಹೂ. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುವಂತಿತ್ತು. ಎಲೆ ಮುಟ್ಟಿದರೆ ಮಖಮಲ್ಲು. ನೆಕ್ಕರೆ ಎಲೆ ಒರಟು ಅಲ್ವಾ ಎಂಬ ಅನುಮಾನ ಆಗಲೇ ಬಂದಿತ್ತು. ಹೂವಿನ ಅಂದಕ್ಕೆ ಬಾಯಿ ಮುಚ್ಚಿಕೊಂಡೆ. ಡಿಸೆಂಬರಿನಲ್ಲಿ ನಮ್ಮ ಅತ್ತೆ ಕೋಲೂರಿಕೊಂಡು ಬಂದು ಗಿಡದ ತುಂಬ ಹುಡುಕಿದರು. ಹೂವುದುರಿದ ಕಡೆ ಒಣಗಿದ ಕಂದು ಬುರುಡೆ ಬಿಟ್ಟರೆ ಏನೂ ಇಲ್ಲ.

“ಇದೆಂತ ನೆಕ್ಕರೆ ಕೂಸೇ, ಹಣ್ಣಾಗದ ನೆಕ್ಕರೆ?”

ಅಲ್ಲಿಗೆ ತೀರ್ಮಾನವಾಯಿತು. ನೆಕ್ಕರೆ ಕಾಯಿ ಹಣ್ಣಾಗಿ ಬಿರಿದರೆ ಒಳಗೆ ಕಪ್ಪು ನೇರಳೆ ತಿರುಳು, ತಿಂದರೆ ನಾಲಿಗೆಯೆಲ್ಲ ಕಪ್ಪು. ಅದರ ಶಾಸ್ತ್ರೀಯ ಹೆಸರು ಮೆಲಾಸ್ಟೋಮಾ. ಗ್ರೀಕಿನಲ್ಲಿ ಕಪ್ಪು ಬಾಯಿ ಅಂತಲೇ ಅರ್ಥ. ನನ್ನ ಹಿತ್ತಲಲ್ಲಿದ್ದದ್ದು ಟಿಬುಚಿನಾ. ಅದೇ ಕುಟುಂಬದ್ದು, ಆದರೆ ಊರು ಬ್ರೆಜಿಲ್. ಹೂವಿನ ನಡುವೆ ನೋಡಿದರೆ ಗುರುತು ಸಿಗುತ್ತದೆ. ಟಿಬುಚಿನಾದ ಕೇಸರಗಳೆಲ್ಲ ನೇರಳೆ, ಜೇಡನ ಕಾಲಿನ ಹಾಗೆ ಬಾಗಿರುತ್ತವೆ. ನೆಕ್ಕರೆಯಲ್ಲಿ ಎರಡು ಬಗೆ: ಗಿಡ್ಡ ಹಳದಿಯವು, ಉದ್ದ ನೇರಳೆಯವು.

ಜನವರಿಯಲ್ಲಿ ಹೂವಿನ ಫೋಟೋ ಹಿಡಿದುಕೊಂಡು ನರ್ಸರಿಗೆ ಹೋದೆ. ಮಾಲೀಕರಿಗೆ ಅಂಥ ಬೇಸರವೇನೂ ಆಗಲಿಲ್ಲ. “ನೇರಳೆ ಹೂ ತಾನೇ ಮೇಡಂ, ಎಲ್ಲರೂ ಇದನ್ನೇ ನೆಕ್ಕರೆ ಅಂತ ಒಯ್ತಾರೆ.” ದುಡ್ಡು ವಾಪಸ್ ಇಲ್ಲ, ಬೇಕಾದರೆ ಒಂದು ಗುಲಾಬಿ ಒಯ್ಯಿರಿ ಎಂದರು. ಗುಲಾಬಿ ಯಾರಿಗೆ ಬೇಕಿತ್ತು? ಸಿಟ್ಟಿನಲ್ಲಿ ಹೊರಟವಳನ್ನು ಹಿಂದಿನ ಶೆಡ್ಡಿನಲ್ಲಿ ಬ್ಯಾಗಿಗೆ ಮಣ್ಣು ತುಂಬುತ್ತಿದ್ದ ಹೆಂಗಸು ಕರೆದರು. “ಅಕ್ಕಾ, ಇದಾ ನೀವು ಕೇಳುದು?” ಕಾಡುಮಣ್ಣಿನ ರಾಶಿಯ ಅಂಚಿನಲ್ಲಿ ಮೊಣಕಾಲೆತ್ತರದ ನಾಲ್ಕು ನೆಕ್ಕರೆ! ಪಿಕಳಾರ ಹಕ್ಕಿ ಹಣ್ಣು ತಿಂದು ಉದುರಿಸಿದ ಬೀಜದ್ದಿರಬೇಕು. ವಾರಕ್ಕೊಮ್ಮೆ ಕಳೆ ಅಂತ ಕಿತ್ತು ಎಸೆಯುತ್ತಾರಂತೆ. ಮಣ್ಣಿನ ಹೆಂಟೆ ಒಡೆಯದ ಹಾಗೆ ಅಗೆದು ಬ್ಯಾಗಿಗೆ ಹಾಕಿಕೊಟ್ಟರು. ದುಡ್ಡು ಬೇಡ ಎಂದರು, ಒತ್ತಾಯದಿಂದ ನೂರು ರೂಪಾಯಿ ಕೈಯಲ್ಲಿಟ್ಟೆ.

ಜೂನ್‌ವರೆಗೆ ಅಡುಗೆಮನೆ ಹಿಂದೆ ಇಟ್ಟುಕೊಂಡು, ಮಳೆ ಹಿಡಿದ ಮೇಲೆ ಮೂರನ್ನು ಬರೆಯ ಬೋಳು ಮಣ್ಣಿನಲ್ಲಿ ನೆಟ್ಟೆ. ಕಕ್ಕಡದ (ಜುಲೈ-ಆಗಸ್ಟಿನ ಮಳೆ ತಿಂಗಳು) ಗಾಳಿಗೆ ಒಂದು ಟಿಬುಚಿನಾ ಬುಡದಲ್ಲೇ ಸೀಳಿತು (ಅದರ ಕೊಂಬೆ ಬಹಳ ಪೆಡಸು), ಆ ಗುಂಡಿಗೆ ನಾಲ್ಕನೆಯದನ್ನು ಇಟ್ಟೆ. ಸುಣ್ಣ ಬಿದ್ದ ಗುಂಡಿ ಅದು. ಎರಡು ತಿಂಗಳಲ್ಲಿ ಎಲೆ ಹಳದಿಯಾಗಿ ಗಿಡ ಸೊರಗಿತು. ಉಳಿದ ಮೂರು ಗೊಬ್ಬರವನ್ನೇ ಕಾಣದೆ ಸೊಂಟದೆತ್ತರ ಬಂದವು. ಆಮೇಲೆ ಓದಿ ತಿಳಿದದ್ದು: ಹುಳಿ ಮಣ್ಣಿನಲ್ಲಿ ಕರಗುವ ಅಲ್ಯುಮಿನಿಯಂ ಹೆಚ್ಚಿನ ಗಿಡಗಳ ಬೇರಿಗೆ ವಿಷ, ನೆಕ್ಕರೆಯಾದರೋ ಅದನ್ನು ಹೀರಿ ಎಲೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ನಮ್ಮ ಕೆಂಪು ಮಣ್ಣಿನ ಹುಳಿಯೇ ಅದಕ್ಕೆ ಹಿತ. ಹುಳಿ ಕಳೆಯುವ ಸುಣ್ಣ ಹಾಕುವುದೆಂದರೆ ಅದರ ಊಟ ಕಿತ್ತುಕೊಂಡ ಹಾಗೆ.

ಇನ್ನು ಚಳಿ. 2025ರ ಜನವರಿಯಲ್ಲಿ ಒಂದು ಬೆಳಗ್ಗೆ ಜಗಲಿಯ ಥರ್ಮಾಮೀಟರ್ 9 ಡಿಗ್ರಿ ತೋರಿಸಿತು. ಎರಡು ಜಾತಿಗೂ ಏನೂ ಆಗಲಿಲ್ಲ. ನೆಕ್ಕರೆಯ ಹಳೇ ಎಲೆ ನಾಲ್ಕಾರು ಕೆಂಪಾದವು, ಅಷ್ಟೇ. ಆದರೆ ಇಲ್ಲಿ ಗಿಡ ಸಾಯುವುದು ಜನವರಿಯ ಒಣ ಚಳಿಗಲ್ಲ, ಬಿಸಿಲೇ ಕಾಣದೆ ಮೂರು ತಿಂಗಳು ನೆನೆದು ನಡುಗುವ ಮಳೆಗಾಲದ ಚಳಿಗೆ. ಅದರಲ್ಲಿ ಪಾಸಾದದ್ದು ನೆಕ್ಕರೆ.

ಹೂ ಒಂದೇ ದಿನದ್ದು, ಟಿಬುಚಿನಾದ ಅರ್ಧ ಗಾತ್ರ, ಬಣ್ಣವೂ ತಿಳಿ. ದೂರದಿಂದ ನೋಡುವವರಿಗೆ ಬ್ರೆಜಿಲಿನದ್ದೇ ಚಂದ, ಒಪ್ಪುತ್ತೇನೆ. ಹತ್ತಿರ ಹೋಗಿ ನಿಂತರೆ ಬೇರೆಯದೇ ಸಂಗತಿ. ನೆಕ್ಕರೆ ಹೂವಿನಲ್ಲಿ ಮಕರಂದವಿಲ್ಲ, ಪರಾಗವೇ ಮೇವು. ಕಪ್ಪು ದುಂಬಿ ಬಂದು ಕೇಸರವನ್ನು ತಬ್ಬಿಕೊಂಡು ಝುಂ ಎಂದು ಮೈ ನಡುಗಿಸುತ್ತದೆ, ಆ ಅದುರಿಗೆ ಕೇಸರದ ತುದಿಯ ತೂತಿನಿಂದ ಪುಡಿ ಉದುರುತ್ತದೆ. ಬೆಳಗ್ಗೆ ಕಾಫಿ ಲೋಟ ಹಿಡಿದು ಅಲ್ಲೇ ನಿಂತುಬಿಡುತ್ತೇನೆ.

ಐದು ಸ್ಟಾರಿಗೆ ನರ್ಸರಿಗೆ ಮೂರು: ಮಣ್ಣು, ಬೇರು, ಪ್ಯಾಕಿಂಗಿಗೆ. ಬೋರ್ಡಿಗೆ ಒಂದು ಕಳೆದೆ, ಸುಣ್ಣಕ್ಕೆ ಇನ್ನೊಂದು. ಶೆಡ್ಡಿನ ಅಕ್ಕನಿಗೆ ಪೂರ್ತಿ ಐದು. ಮೊನ್ನೆ ಹೋದಾಗ ಎದುರಿಗೆ ಅದೇ ಬೋರ್ಡು, ಅದೇ ಟಿಬುಚಿನಾ, ಬೆಲೆ 250 ಆಗಿದೆ. ಹೋದವರು ಅಲ್ಲಿ ನಿಲ್ಲದೆ ಸೀದಾ ಹಿಂದಿನ ಮಣ್ಣು ರಾಶಿಯ ಕಡೆ ನಡೆಯಿರಿ. ಕಳೆ ಕೀಳುವುದು ಸೋಮವಾರವಂತೆ, ಅದಕ್ಕೆ ಮೊದಲೇ ಹೋಗಿ.