ಜರ್ಮನಿಗೆ ಕೆಲಸ ಹುಡುಕಿ ಹೊರಡುವವರು ನೋಡಬೇಕಾದ ಸರ್ಕಾರಿ ಜಾಲತಾಣ

2023ರ ನವೆಂಬರ್‌ನಿಂದ ಹಂತಹಂತವಾಗಿ ಬದಲಾದ ಜರ್ಮನಿಯ ವಲಸೆ ನಿಯಮಗಳನ್ನು ತಿಳಿಯಲು ಅಲ್ಲಿನ ಸರ್ಕಾರವೇ ನಡೆಸುವ ‘ಮೇಕ್ ಇಟ್ ಇನ್ ಜರ್ಮನಿ’ಗಿಂತ ನಂಬಲರ್ಹವಾದ ಉಚಿತ ಸೇವೆಯನ್ನು ನಾನು ಕಂಡಿಲ್ಲ. 2024ರ ಜೂನ್ 1ರಂದು ಜಾರಿಗೆ ಬಂದ, ಕೆಲಸ ಹುಡುಕುವವರಿಗೆ ನೀಡುವ ವಾಸದ ಪರವಾನಗಿಯಾದ ‘ಚಾನ್ಸೆನ್‌ಕಾರ್ಟೆ’ಯ ವಿವರಣೆಯೇ ಇದರ ಅತ್ಯುತ್ತಮ ಭಾಗ. ಕೈಯಲ್ಲಿ ನೇಮಕಾತಿ ಪತ್ರವಿಲ್ಲದೆಯೂ ಅಲ್ಲಿಗೆ ಹೋಗಿ ಒಂದು ವರ್ಷದವರೆಗೆ ಕೆಲಸ ಹುಡುಕಬಹುದು, ಆ ಅವಧಿಯಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು ಎಂಬುದನ್ನು ಸ್ಪಷ್ಟವಾಗಿ ಹೇಳುವ ತಾಣವು, ಅನುಭವ, ವಯಸ್ಸು, ಭಾಷೆ ಮೊದಲಾದವುಗಳಿಂದ ಬೇಕಾದ ಕನಿಷ್ಠ 6 ಅಂಕಗಳು ನಮಗೆ ಸಿಗುತ್ತವೆಯೇ ಎಂಬುದನ್ನೂ ಪ್ರಶ್ನೋತ್ತರದ ಮೂಲಕ ಪರೀಕ್ಷಿಸಿಕೊಳ್ಳಲು ಅನುವು ಮಾಡಿಕೊಡುತ್ತದೆ. ಇಷ್ಟು ಮಾಹಿತಿಗಾಗಿ ಏಜೆಂಟರಿಗೆ ಹಣ ತೆರುವುದು ನಿಜಕ್ಕೂ ಅನಗತ್ಯ. ಆದರೆ ಅಂಕಗಳಿದ್ದ ಮಾತ್ರಕ್ಕೆ ವೀಸಾ ಖಚಿತವಲ್ಲ. ಜೀವನವೆಚ್ಚಕ್ಕೆಂದು ತೋರಿಸಬೇಕಾದ ಮೊತ್ತವೂ 2024ರಲ್ಲಿ ತಿಂಗಳಿಗೆ 1,027 ಯೂರೋ ಇದ್ದದ್ದು 2025ರಲ್ಲಿ 1,091ಕ್ಕೆ ಏರಿದ್ದರಿಂದ, ಅರ್ಜಿ ಸಲ್ಲಿಸುವ ಮುನ್ನ ಪುಟವನ್ನು ಮತ್ತೊಮ್ಮೆ ಓದಲೇಬೇಕು.