ರೋಮ್‌ನಲ್ಲಿ ಮಕ್ಕಳಿಗೆ 'ಉಚಿತ' ಎಂದಿದ್ದರೂ ಟಿಕೆಟ್ ಬೇಕೇ ಬೇಕು

ಅಪ್ಪ, ಅಮ್ಮ, ಇಬ್ಬರು ಮಕ್ಕಳು. ರೋಮ್ ನೋಡಲು ಇದ್ದದ್ದು ಒಂದೇ ದಿನ. ಆ ದಿನ ಕೆಟ್ಟದ್ದು ಬೆಳಿಗ್ಗೆ, ಪುರಾತನ ಬಯಲು ರಂಗಮಂದಿರವಾದ ಕೊಲೊಸಿಯಮ್ ಬಾಗಿಲಲ್ಲೇ. ದೊಡ್ಡವರ ಟಿಕೆಟ್ ಇತ್ತು, ಮಕ್ಕಳದ್ದು ಇರಲಿಲ್ಲ. 18 ವರ್ಷದೊಳಗಿನವರಿಗೆ ಉಚಿತ ಎಂದು ಓದಿ, ಬಾಗಿಲಲ್ಲಿ ಹಾಗೇ ಬಿಡುತ್ತಾರೆ ಎಂದುಕೊಂಡಿದ್ದರು. ಬಿಡಲಿಲ್ಲ.

ಒಳಗೆ ಒಂದು ಹೊತ್ತಿಗೆ ಇಷ್ಟೇ ಜನ ಎಂಬ ಮಿತಿ ಇದೆ, ಮಕ್ಕಳೂ ಆ ಲೆಕ್ಕಕ್ಕೆ ಸೇರುತ್ತಾರೆ. ಹಾಗಾಗಿ ದೊಡ್ಡವರ 18 ಯೂರೋ ಟಿಕೆಟ್ ಮಾಡಿಸುವಾಗಲೇ ಮಕ್ಕಳಿಗೂ ಅದೇ ಸಮಯದ ಉಚಿತ ಟಿಕೆಟ್ ಸೇರಿಸಬೇಕು. ಅಧಿಕೃತ ಜಾಲತಾಣದಲ್ಲಿ ಟಿಕೆಟ್ ಸಿಗಲು ಶುರುವಾಗುವುದು 30 ದಿನ ಮುಂಚೆ. ಬೆಳಗಿನ ಸಮಯಗಳು ಬೇಗ ಖಾಲಿಯಾಗುತ್ತವೆ. 2023ರ ಅಕ್ಟೋಬರ್‌ನಿಂದ ಪ್ರತಿ ಟಿಕೆಟ್ ಮೇಲೂ ಹೆಸರು ಇರುತ್ತದೆ, ಗುರುತಿನ ಚೀಟಿ ಜೊತೆ ತಾಳೆ ನೋಡುತ್ತಾರೆ. ನಮ್ಮಲ್ಲಿ ಇನಿಶಿಯಲ್ ಬರೆಯುವ ರೂಢಿ ಇದೆಯಲ್ಲ, ಇಲ್ಲಿ ಅದು ಬೇಡ. ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೋ ಹಾಗೇ ಟೈಪ್ ಮಾಡಿ. ಅದೇ ಟಿಕೆಟ್‌ನಲ್ಲಿ ಪಕ್ಕದ ಹಳೆಯ ಅವಶೇಷಗಳಾದ ರೋಮನ್ ಫೋರಮ್ ಮತ್ತು ಪ್ಯಾಲಟೈನ್ ಗುಡ್ಡವನ್ನೂ ನೋಡಬಹುದು, ಅವಕ್ಕೆ ಬೇರೆ ದುಡ್ಡು ಕೊಡಬೇಡಿ.

ಬಾಗಿಲಿಂದ ಹಿಂದೆ ಬಂದವರನ್ನು ಮೆಟ್ರೊ ನಿಲ್ದಾಣದ ಎದುರೇ ದಲ್ಲಾಳಿಗಳು ಹಿಡಿಯುತ್ತಾರೆ. "ಸಾಲಿಲ್ಲದೆ ಒಳಗೆ" ಎನ್ನುವುದು ಅವರ ಮಾತು. ಭದ್ರತಾ ತಪಾಸಣೆಯ ಸಾಲನ್ನು ತಪ್ಪಿಸುವ ಟಿಕೆಟ್ ಯಾರ ಬಳಿಯೂ ಇಲ್ಲ. ಬೇರೆಯವರ ಹೆಸರಿನ ಟಿಕೆಟ್ ಕೊಟ್ಟರಂತೂ ಅದು ಬರೀ ಕಾಗದ.

ಅಲ್ಲೇ ಇನ್ನೊಂದು 'ಉಚಿತ' ಕಾದಿರುತ್ತದೆ. ನಗುತ್ತಾ ಬಂದವನು ಮಗುವಿನ ಜೊತೆ ಕೈಕುಲುಕುತ್ತಾನೆ, ಆ ಕೈ ಬಿಡುವುದಿಲ್ಲ. ಬಣ್ಣದ ದಾರವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ, ಬಿಚ್ಚಲಾಗದ ಹಾಗೆ ಗಂಟು ಬಿಗಿಯುತ್ತಾನೆ. ಉಡುಗೊರೆ ಎನ್ನುತ್ತಾನೆ. ಗಂಟು ಬಿದ್ದ ಮೇಲೆ 20 ಯೂರೋ ಕೇಳುತ್ತಾನೆ, ಜೊತೆಗಾರರು ಇಬ್ಬರು ಹತ್ತಿರ ಬಂದು ನಿಲ್ಲುತ್ತಾರೆ. ಕೊಡಬೇಕಾದ್ದು ಏನೂ ಇಲ್ಲ. ಮಗುವನ್ನು ನಿಮ್ಮ ಕಡೆ ಎಳೆದುಕೊಂಡು ಜೋರು ದನಿಯಲ್ಲಿ "ನೋ" ಎಂದು ನಡೆಯುತ್ತಲೇ ಇರಿ. ಪರ್ಸ್ ಮಾತ್ರ ತೆಗೆಯಬೇಡಿ. ಅದು ಎಲ್ಲಿದೆ ಎಂದು ಅವರಿಗೆ ಗೊತ್ತಾಗುವುದು ಆಗಲೇ. ಗುಲಾಬಿ ಕೊಡುವವರು, ಗ್ಲ್ಯಾಡಿಯೇಟರ್ ವೇಷದಲ್ಲಿ ಫೋಟೋಕ್ಕೆ ನಿಲ್ಲುವವರು, ಎಲ್ಲರದೂ ಇದೇ ದಾರಿ.

ಟರ್ಮಿನಿ ನಿಲ್ದಾಣದಿಂದ ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್ ಜೇಬುಗಳ್ಳತನಕ್ಕೆ ಹೆಸರುವಾಸಿ. ಬಾಗಿಲು ಮುಚ್ಚುವ ಕ್ಷಣದಲ್ಲಿ ನೂಕುನುಗ್ಗಲು ಮಾಡಿ ಕೈ ಹಾಕುತ್ತಾರೆ. ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ, ಬಾಗಿಲ ಬಳಿ ನಿಲ್ಲಬೇಡಿ. 1.50 ಯೂರೋದ ಕಾಗದದ ಟಿಕೆಟ್ ಕೊಂಡರೆ ಸಾಲದು, ಬಸ್ ಒಳಗಿನ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ಲದ ಟಿಕೆಟ್‌ಗೂ ದಂಡ ಬೀಳುತ್ತದೆ.

ವ್ಯಾಟಿಕನ್‌ನಲ್ಲಿ ಆ ಕುಟುಂಬ ಮಾಡಿದ್ದು ಎಷ್ಟೋ ಜನ ಮಾಡುವ ತಪ್ಪು. ಮ್ಯೂಸಿಯಂ ಟಿಕೆಟ್ ಹಿಡಿದು ಸೇಂಟ್ ಪೀಟರ್ ಚೌಕದ ಸಾಲಿನಲ್ಲಿ ನಿಂತರು. ಅದು ಚರ್ಚಿನ ಸಾಲು. ಸಿಸ್ಟೀನ್ ಚಾಪೆಲ್ ಇರುವ ಮ್ಯೂಸಿಯಂನ ಬಾಗಿಲು ಕೋಟೆಗೋಡೆಯ ಆಚೆ ಬದಿ, ವಿಯಾಲೆ ವ್ಯಾಟಿಕಾನೊ ರಸ್ತೆಯಲ್ಲಿ. ಮಕ್ಕಳನ್ನು ಕರೆದುಕೊಂಡು ಗೋಡೆ ಸುತ್ತಿ ಹೋಗಲು ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ. ಮ್ಯೂಸಿಯಂ ಭಾನುವಾರ ಮುಚ್ಚಿರುತ್ತದೆ, ತಿಂಗಳ ಕೊನೆಯ ಭಾನುವಾರ ಮಾತ್ರ ತೆರೆದಿರುತ್ತದೆ, ಆವತ್ತು ಉಚಿತ ಪ್ರವೇಶ. ಆವತ್ತಿನ ಜನಜಂಗುಳಿಗೆ ಮಕ್ಕಳನ್ನು ಕರೆದೊಯ್ಯದಿರುವುದೇ ಒಳ್ಳೆಯದು. ಬುಧವಾರ ಬೆಳಿಗ್ಗೆ ಚೌಕದಲ್ಲಿ ಪೋಪ್ ದರ್ಶನವಿದ್ದರೆ ಚರ್ಚಿನೊಳಗೆ ಬಿಡುವುದಿಲ್ಲ. ಚರ್ಚಿಗೆ ಭುಜ, ಮೊಣಕಾಲು ಮುಚ್ಚಿರಬೇಕು, ಒಂದು ಶಾಲು ಬ್ಯಾಗಿನಲ್ಲಿರಲಿ.

ಸುಸ್ತಾಗಿ ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ ಕೂರಬೇಡಿ, 2019ರಿಂದ ಅಲ್ಲಿ ಕೂರುವುದಕ್ಕೂ ದಂಡವಿದೆ. ನೀರು ಕೊಳ್ಳುವ ಅಗತ್ಯವೂ ಇಲ್ಲ. ಬೀದಿಬೀದಿಯಲ್ಲಿ 'ನಾಸೋನೆ' ಎಂಬ ಕಬ್ಬಿಣದ ನಲ್ಲಿಗಳಿವೆ. ಕೊಳವೆಯ ತುದಿಯನ್ನು ಬೆರಳಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಮಕ್ಕಳು ಬಾಯೊಡ್ಡಿ ಕುಡಿಯಬಹುದು. ತಣ್ಣಗಿನ ಒಳ್ಳೆಯ ನೀರು.

ರಾತ್ರಿ ಊಟದ ಬಿಲ್ಲು ಬಂದಾಗ ಕೊನೆಯ ಪೆಟ್ಟು. ಮೀನಿನ ಎದುರು ಕಂಡ ಸಣ್ಣ ಬೆಲೆಯ ಪಕ್ಕ 'ಎಟ್ಟೊ' ಎಂದಿತ್ತು. ಎಟ್ಟೊ ಅಂದರೆ 100 ಗ್ರಾಂ. ಇಡೀ ಮೀನು ಎಂಟುನೂರು ಗ್ರಾಂ ತೂಗಿದರೆ ಆ ಬೆಲೆಯ ಎಂಟು ಪಟ್ಟು. ಬೇಯಿಸುವ ಮುಂಚೆ ಮೀನು ತೂಗಿಸಿ, ಒಟ್ಟು ಎಷ್ಟಾಗುತ್ತದೆಂದು ಕಾಗದದಲ್ಲಿ ಬರೆಸಿಕೊಂಡು ಆಮೇಲೆ ಹೂಂ ಅನ್ನಿ.